ಇದ್ದಾರೆ, ಹೋಗಿದ್ದಾರೆ

ಚರ್ಚಿನ ಆಫೀಸಿಗೆ ಕಂಪ್ಯೂಟರ್ ಬಂದ ದಿನ ಫಾದರ್ ಅದರ ಮೇಲೆ ಪವಿತ್ರ ಜಲ ಚಿಮುಕಿಸಿದರು. ಕೀಬೋರ್ಡಿನ ಮೇಲೆ ಬಿದ್ದ ಹನಿಗಳನ್ನು ಸೆರಗಿನಲ್ಲಿ ಒರೆಸಿದವಳು ನಾನು. ಬಂಟ್ವಾಳ ತಾಲೂಕಿನ ಒಳಭಾಗದಲ್ಲಿರುವ ಒಂದು ಸಣ್ಣ ಚರ್ಚು ನಮ್ಮದು. ಬಿ.ಸಿ.ರೋಡಿನಲ್ಲಿ ಟೈಪಿಂಗ್ ಕಲಿತು, ತೊಂಬತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ಯಾರ ಮಗುವಿನ ಜ್ಞಾನಸ್ನಾನ ಯಾವಾಗ, ಯಾರ ಮದುವೆ ಎಲ್ಲಿ, ಯಾರನ್ನು ಯಾವ ಸಾಲಿನಲ್ಲಿ ಮಣ್ಣು ಮಾಡಿದ್ದು, ಎಲ್ಲವೂ ನನ್ನ ಕೈಬರಹದಲ್ಲಿತ್ತು. ಹೊಸ ಶತಮಾನ ಬಂದ ಮೇಲೆ ಇದನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಪಾಲನಾ ಮಂಡಳಿ ತೀರ್ಮಾನಿಸಿತು.

ತಂತ್ರಾಂಶ ಮಾಡಿಕೊಟ್ಟವನು ಮೂಡಬಿದಿರೆಯಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಒಬ್ಬ ಜೈನ ಯುವಕ. ಬಹಳ ಮರ್ಯಾದಸ್ಥ. ಬೇಡವೆಂದರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಆಫೀಸಿನೊಳಗೆ ಬರುತ್ತಿದ್ದ. ಕೆಲಸವೆಲ್ಲ ಮುಗಿದ ಮೇಲೆ ಅವನು ಮಂಡಳಿಯವರನ್ನು ಒಂದು ಪ್ರಶ್ನೆ ಕೇಳಿದ: "ಯಾರ್ಯಾರಿಗೆ ಎಷ್ಟೆಷ್ಟು ಅನುಮತಿ ಕೊಡುದು?" ಅದನ್ನು ತೀರ್ಮಾನಿಸಲು ದೊಡ್ಡವರಿಗೆ ಇಡೀ ಒಂದು ಸಂಜೆ ಬೇಕಾಯಿತು.

ಫಾದರಿಗೆ ಎಲ್ಲವೂ. ಉಪಾಧ್ಯಕ್ಷರಿಗೂ ಕಾರ್ಯದರ್ಶಿಗೂ ಎಲ್ಲವನ್ನೂ ನೋಡುವ, ಪ್ರಿಂಟ್ ತೆಗೆಯುವ ಅನುಮತಿ. ಗುರ್ಕಾರರಿಗೆ, ಅಂದರೆ ಒಂದೊಂದು ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಹಿರಿಯರಿಗೆ, ತಮ್ಮ ವಾರ್ಡಿನವರ ವಿವರಗಳನ್ನು ತಿದ್ದುವ ಅನುಮತಿ. ನನಗೆ ಹೊಸದನ್ನು ಸೇರಿಸಲು ಮಾತ್ರ. ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಸಾಲದ್ದಕ್ಕೆ, ಗುಮಾಸ್ತೆ ತನ್ನ ಮನೆಯವರ ಕಾಗದಪತ್ರ ತಾನೇ ಮಾಡಿಕೊಂಡರೆ ನಾಳೆ ಮಾತು ಬರುತ್ತದೆಂದು ನಾನಿದ್ದ ಮನೆಯ ಪುಟ ನನಗೆ ತೆರೆಯದ ಹಾಗೆ ಮಾಡಿಸಿದರು. ಅಷ್ಟು ವರ್ಷ ಕಪಾಟಿನ ಬೀಗದಕೈ ನನ್ನ ಸೊಂಟದಲ್ಲೇ ಇತ್ತು, ಆಗ ಯಾರಿಗೂ ಭಯವಿರಲಿಲ್ಲ. ಮೀಟಿಂಗಿಗೆ ಚಹಾ ತಂದಿಟ್ಟವಳು ಗ್ಲಾಸುಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಇನ್ನೊಂದು ನಿಯಮವೂ ಆಯಿತು. ಒಬ್ಬರನ್ನು ತೀರಿಕೊಂಡವರೆಂದು ಒಮ್ಮೆ ದಾಖಲಿಸಿದರೆ ಮತ್ತೆ ಅದನ್ನು ಬದಲಿಸುವ ಅನುಮತಿ ಫಾದರಿಗೆ ಮಾತ್ರ. "ಸತ್ತವರನ್ನು ಎಬ್ಬಿಸ್ಲಿಕ್ಕೆ ಎಲ್ರಿಗೂ ಅಧಿಕಾರ ಕೊಟ್ರೆ ಹೇಗೆ ಮಾರಾಯ್ರೆ?" ಎಂದು ಉಪಾಧ್ಯಕ್ಷರು ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ಮೂಡಬಿದಿರೆಯ ಆ ಹುಡುಗನಿಗೆ ಒಂದು ಪದದ ವಿಷಯದಲ್ಲಿ ಸಂಕೋಚ ಇತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಬದುಕಿದ್ದಾರೋ ಸತ್ತಿದ್ದಾರೋ ಎಂದು ತೋರಿಸುವ ಒಂದು ಸಣ್ಣ ಜಾಗ. "ಸತ್ತಿದ್ದಾರೆ ಅಂತ ಹಾಕಿದ್ರೆ ಚಂದ ಕಾಣುದಿಲ್ಲ ಮೇಡಂ, ದೇವರ ಜಾಗ. ಇದ್ದಾರೆ, ಹೋಗಿದ್ದಾರೆ ಅಂತ ಮಾಡ್ತೇನೆ, ಆಗದಾ?" ಎಂದು ಕೇಳಿದ. ಯಾರಾದರೂ ತೀರಿಕೊಂಡರೆ ನಾವು ಹೋದರು ಎಂದೇ ಹೇಳುವುದು. ತುಳುವಿನಲ್ಲಿಯೂ ಹಾಗೆಯೇ, ನಮ್ಮ ಕೊಂಕಣಿಯಲ್ಲಿಯೂ ಹಾಗೆಯೇ. ಫಾದರಿಗೆ ಆ ಹುಡುಗನ ನಯ ಮೆಚ್ಚುಗೆಯಾಯಿತು. ಹಾಗೆಯೇ ಆಗಲಿ ಎಂದರು.

ನಾನಿದ್ದದ್ದು ನನ್ನ ಅಕ್ಕನ ಮನೆಯಲ್ಲಿ. ನನಗೆ ಮದುವೆಯಾಗಲಿಲ್ಲ. ಅವಳಿಗೆ ಆಗಿತ್ತು, ಆದರೆ ಗಂಡ ಜೊತೆಗಿರಲಿಲ್ಲ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಭಾವ ಡ್ರೈವರ್ ಕೆಲಸಕ್ಕೆಂದು ಮಸ್ಕತ್ತಿಗೆ ಹೋದರು. ಒಂದೆರಡು ವರ್ಷ ಕಾಗದ ಬಂತು, ಒಂದು ಕ್ರಿಸ್ಮಸಿಗೆ ಮಗಳಿಗೆ ಒಂದು ಫ್ರಾಕೂ ಬಂತು. ಆಮೇಲೆ ಏನೂ ಇಲ್ಲ. ವಾಮದಪದವಿನಲ್ಲಿ ದಿನಸಿ ಅಂಗಡಿ ಇದ್ದ ಬ್ಯಾರಿ ಸಾಹೇಬರ ಇಬ್ಬರು ತಮ್ಮಂದಿರು ಆ ಕಡೆಯೇ ಇದ್ದರು. ಅವರು ಪಾಪ ಎಷ್ಟೋ ವಿಚಾರಿಸಿದರು. "ಆ ಕಂಪನಿ ಬಿಟ್ಟಿದ್ದಾರಂತೆ ಬಾಯಮ್ಮ. ಬೇರೆ ಕಡೆ ಹೋಗಿದ್ದಾರೆ ಅಂತ ಹೇಳ್ತಾರೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ" ಎಂದು ಅಕ್ಕಿ ತೂಗುತ್ತಾ ಹೇಳಿದರು. ಅಕ್ಕನ ಮುಖ ನೋಡಿ ಹೇಳಲು ಅವರಿಗೆ ಆಗಲಿಲ್ಲ.

ನನ್ನ ಮಟ್ಟಿಗೆ ಆ ಮನುಷ್ಯ ಅವತ್ತೇ ಮುಗಿದಿದ್ದ. ಇನ್ನೊಂದು ಸಂಸಾರ ಕಟ್ಟಿಕೊಂಡು ಸುಖವಾಗಿರುತ್ತಾನೆ ಎಂದು ನಾನು ಬಾಯಿಬಿಟ್ಟು ಹೇಳಿದ್ದಕ್ಕೆ ಅಕ್ಕ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಅವಳು ಜಗಲಿಯಲ್ಲಿ ಕಾಲು ಚಾಚಿ ಕುಳಿತು, ತಡ್ಪೆ ಎನ್ನುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆಯಿಂದ ಬೀಡಿ ಕಟ್ಟುತ್ತಿದ್ದಳು. ಮಗಳನ್ನು ಓದಿಸಿದ್ದು ಆ ಬೀಡಿಯಲ್ಲಿಯೇ. ಕುತ್ತಿಗೆಯಲ್ಲಿ ಕರಿಮಣಿ, ಕೈಯಲ್ಲಿ ಬಳೆ. ಜಗಲಿಯಲ್ಲಿ ಅವಳು ಕೂರುವ ಜಾಗದಿಂದ ಗೇಟು ಕಾಣುತ್ತಿತ್ತು. ಅದನ್ನು ನಾನು ಯಾವತ್ತೂ ಅವಳ ಮುಂದೆ ಆಡಿ ತೋರಿಸಲಿಲ್ಲ.

ತಂತ್ರಾಂಶ ಬಂದ ವರ್ಷ ಗುರ್ಕಾರರು ಪ್ರಿಂಟ್ ಮಾಡಿದ ಹಾಳೆಗಳನ್ನು ಹಿಡಿದುಕೊಂಡು ಮನೆಮನೆಗೆ ಹೋದರು. ನಮ್ಮ ವಾರ್ಡಿನ ಗುರ್ಕಾರರು ಒಳ್ಳೆಯ ಮನುಷ್ಯ, ಸ್ವಲ್ಪ ಕಿವಿ ಮಂದ. ನಾನು ಆಗ ಆಫೀಸಿನಲ್ಲಿದ್ದೆ. ಅಕ್ಕ ಆಮೇಲೆ ನನಗೆ ಹೇಳಿದ್ದಿಷ್ಟು: ಅವರು ಜಗಲಿಯಲ್ಲಿ ಕುಳಿತು, ಹಾಳೆಯಲ್ಲಿ ಭಾವನ ಹೆಸರಿನ ಮೇಲೆ ಬೆರಳಿಟ್ಟು, "ಇವರು ಇದ್ದಾರಾ, ಹೋಗಿದ್ದಾರಾ?" ಎಂದು ಕೇಳಿದರು. ನಮ್ಮ ಊರಿನಲ್ಲಿ ಯಾರಾದರೂ ಅಂಗಳಕ್ಕೆ ಬಂದು "ಇದ್ದಾರಾ?" ಎಂದರೆ ಮನೆಯಲ್ಲಿ ಇದ್ದಾರಾ ಎಂದೇ ಅರ್ಥ. ಅಕ್ಕ ತಡ್ಪೆಯಿಂದ ತಲೆ ಎತ್ತದೆ, "ಹೋಗಿದ್ದಾರಲ್ಲ" ಎಂದಳು. "ಹೋದ ತಾರೀಕು?" ಎಂದು ಕೇಳಿದರು. ಅದನ್ನೂ ಹೇಳಿದಳು. ಬಾಂಬೆ ಬಸ್ಸು ಹತ್ತಿಸಿದ ದಿನವನ್ನು ಅವಳು ಮರೆಯುವುದುಂಟೆ? ಗುರ್ಕಾರರು ಬರೆದುಕೊಂಡು, ಚಹಾ ಕುಡಿದು ಹೋದರು. ಮರುದಿನ ಆಫೀಸಿಗೆ ಬಂದು, ತಮ್ಮ ಪಾಸ್‌ವರ್ಡ್ ಹಾಕಿ, ಒಂದೇ ಬೆರಳಿನಲ್ಲಿ ಕುಟ್ಟಿ ಎಲ್ಲವನ್ನೂ ಏರಿಸಿದರು. ನಾನು ಎದುರಿನ ಮೇಜಿನಲ್ಲಿಯೇ ಇದ್ದೆ. ಆ ಪುಟ ನೋಡುವ ಅನುಮತಿ ನನಗಿರಲಿಲ್ಲ, ನೋಡುವ ಕಾರಣವೂ ಇರಲಿಲ್ಲ.

ಹಾಗೆ ಭಾವ ನಮ್ಮ ಚರ್ಚಿನ ಲೆಕ್ಕದಲ್ಲಿ ಸತ್ತರು. ಸತ್ತಿದ್ದಾರೆಂದು ಎರಡು ಮೂರು ವರ್ಷ ಯಾರಿಗೂ ತಿಳಿಯಲಿಲ್ಲ.

ತಿಳಿದದ್ದು ಅಕ್ಕನ ಮಗಳ ಮದುವೆ ನಿಶ್ಚಯವಾದಾಗ. ಹುಡುಗ ಬೆಳ್ತಂಗಡಿಯ ಕಡೆಯವನು, ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಮನೆ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪೂಜೆಯ ಕೊನೆಗೆ ಚೀಟಿ ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಯಾರದಾದರೂ ತಕರಾರು ಇದ್ದರೆ ತಿಳಿಸಬೇಕು ಎಂದು. ನಮ್ಮ ಮನೆಯ ಕಾಗದ ನಾನು ಮಾಡುವ ಹಾಗಿಲ್ಲವಲ್ಲ, ಚೀಟಿಯನ್ನು ಕಾರ್ಯದರ್ಶಿ ಪ್ರಿಂಟ್ ತೆಗೆದ. ಅವನು ಬೇರೆ ವಾರ್ಡಿನವನು, ಚಿಕ್ಕ ಪ್ರಾಯದವನು. ತಂತ್ರಾಂಶ ಹೇಳಿದ್ದನ್ನು ಹಾಗೆಯೇ ಫಾದರ್ ಕೈಗೆ ಕೊಟ್ಟ. ಫಾದರ್ ಕೂಡ ಹೊಸಬರು. ಮೊದಲಿನವರಿಗೆ ವರ್ಗವಾಗಿ ಇವರು ಬಂದು ತಿಂಗಳೂ ಆಗಿರಲಿಲ್ಲ.

ಅವರು ಗಟ್ಟಿ ಸ್ವರದಲ್ಲಿ ಓದಿದರು. ಹುಡುಗಿಯ ಹೆಸರು ಬಂತು. ಆಮೇಲೆ ಅಪ್ಪನ ಹೆಸರಿಗೆ ಮೊದಲು "ದೆವಾಧೀನ್" ಎಂದು ಬಂತು. ತೀರಿಕೊಂಡವರಿಗೆ ಕೊಂಕಣಿಯಲ್ಲಿ ಹೇಳುವ ಮಾತು ಅದು.

ಅಕ್ಕ ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದಳು. ಮುಂದಿನ ಬೆಂಚನ್ನು ಹಿಡಿದಿದ್ದ ಅವಳ ಬೆರಳುಗಳು ಬಿಳಿಚಿದ್ದು ನನಗೆ ಕಂಡಿತು. ಹಿಂದಿನ ಸಾಲುಗಳಲ್ಲಿ ಪಿಸುಪಿಸು ಎದ್ದಿತು. ಹೊರಗೆ ಬಂದಾಗ ಇಬ್ಬರು ಹೆಂಗಸರು ಅವಳ ಕೈ ಹಿಡಿದುಕೊಂಡು, "ಯಾವಾಗ ಸುದ್ದಿ ಬಂತು? ನಮಗೊಂದು ಮಾತು ಹೇಳಲಿಲ್ಲ ನೀವು" ಎಂದರು. ಅವಳು ಕೈ ಕೊಸರಿಕೊಂಡು ನಡೆದುಬಿಟ್ಟಳು. ಮನೆ ಸೇರಿದ ಮೇಲೆ ನನ್ನನ್ನು ಕೇಳಿದಳು, "ನಿನಗೆ ಗೊತ್ತಿತ್ತಾ? ಅವರು ಹೋದದ್ದು ನಿನ್ನ ಆಫೀಸಿಗೆ ಗೊತ್ತಾಗಿ, ನನಗೆ ಹೇಳದೆ ಇಟ್ರಾ?"

ಹತ್ತು ಹನ್ನೆರಡು ವರ್ಷ ಕಾದವಳಿಗೆ ಮೊದಲು ಬಂದ ಸಂಶಯ ಅದು. ಚರ್ಚಿಗೆ ನಿಜವಾಗಿಯೇ ಸುದ್ದಿ ಬಂದಿರಬೇಕು ಎಂದು. ಅಲ್ಲ ಮಾರಾಯ್ತಿ, ಏನೋ ತಪ್ಪಾಗಿದೆ, ಎಂದು ನಾನು ಆಣೆ ಹಾಕಿದೆ. ಸಂಜೆ ಕಾರ್ಯದರ್ಶಿಯನ್ನು ಹಿಡಿದು ಆ ಪುಟ ತೆರೆಸಿದಾಗ ಭಾವ ಬಸ್ಸು ಹತ್ತಿದ ದಿನದ ತಾರೀಕು ನೋಡಿಯೇ ನನಗೆ ಎಲ್ಲವೂ ಗೊತ್ತಾಯಿತು. ಗುರ್ಕಾರರಿಗೆ ಹೇಳಿದಾಗ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. "ಅಯ್ಯೋ ದೇವರೇ, ಊರಿನಲ್ಲಿ ಇಲ್ವಲ್ಲ ಅಂತ ನಾನು ಹೋಗಿದ್ದಾರೆ ಅಂತ ಹಾಕಿದ್ದು!" ಅವರಿಗೂ ಈಗ ಬದಲಿಸಲು ಬರುತ್ತಿರಲಿಲ್ಲ. ಎಬ್ಬಿಸುವ ಅಧಿಕಾರ ಒಬ್ಬರಿಗೆ ಮಾತ್ರ, ಮತ್ತು ಹೊಸ ಫಾದರಿಗೆ ಪಾಸ್‌ವರ್ಡ್ ಇನ್ನೂ ಸಿಕ್ಕಿರಲಿಲ್ಲ. ಹಳೆಯ ಫಾದರ್ ಮೌನ ಧ್ಯಾನಕೂಟದಲ್ಲಿದ್ದರು. ಅದು ಮುಗಿಯುವ ತನಕ ಅವರನ್ನು ಫೋನಿಗೆ ಕರೆಯುವುದಿಲ್ಲ ಎಂದು ಅಲ್ಲಿಯವರು ಹೇಳಿಬಿಟ್ಟರು.

ಎರಡನೆಯ ಭಾನುವಾರವೂ ದೆವಾಧೀನ್ ಎಂದೇ ಓದಿದರು. ಆ ಒಂದು ಪದವನ್ನು ಬಿಟ್ಟು ಓದಿ ಫಾದರ್, ಎಂದು ನಾನು ಮುಂಚೆಯೇ ಕೈಮುಗಿದು ಕೇಳಿದ್ದೆ. "ದಾಖಲೆಯಲ್ಲಿ ಉಂಟಲ್ಲ. ಮದುವೆಯ ವಿಷಯ, ನಾನು ಬಾಯಿಗೆ ಬಂದ ಹಾಗೆ ಓದ್ಲಿಕ್ಕೆ ಆಗುದಿಲ್ಲ" ಎಂದರು. ಅಷ್ಟರಲ್ಲಿ ಬೆಳ್ತಂಗಡಿಯಲ್ಲಿ ಹುಡುಗನ ಚರ್ಚಿನಲ್ಲಿಯೂ ಅದೇ ಚೀಟಿ ಓದಿ ಆಗಿತ್ತು. ಹುಡುಗನ ಅತ್ತೆಯೊಬ್ಬರು ಫೋನ್ ಮಾಡಿ, ರೋಸಿನ ದಿನ ಮೊದಲು ಯಾರು ಹಾಕುವುದೆಂದು ಯೋಚನೆ ಮಾಡಿದ್ದೀರಾ, ಗುರ್ಕಾರರ ಹೆಂಡತಿ ಆಗಬಹುದಲ್ಲ, ಎಂದು ನಯವಾಗಿ ಕೇಳಿದರು. ರೋಸ್ ಎಂದರೆ ಮದುವೆಯ ಹಿಂದಿನ ದಿನ ತೆಂಗಿನಕಾಯಿಯ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ವಿಧವೆ ಅದರಲ್ಲಿ ಮುಂದೆ ನಿಲ್ಲಬಾರದೆಂದು ಚರ್ಚು ಯಾವತ್ತೂ ಹೇಳಿದ್ದಿಲ್ಲ. ಆದರೆ ನಮ್ಮ ಹಳೆಯ ಹೆಂಗಸರ ತಲೆಯಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ಒಬ್ಬಳೇ ಬೀಡಿ ಕಟ್ಟಿ ಸಾಕಿದ ಮಗಳ ನೆತ್ತಿಗೆ ಮೊದಲ ಹಾಲು ಹಾಕಲು ಅಕ್ಕನಿಗೆ ಅನುಮತಿ ಇಲ್ಲ! ಆ ಫೋನು ಇಟ್ಟ ಮೇಲೆ ನಾನು ಯಾರ್ಯಾರಿಗೆ ಏನೇನು ಬೈದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

"ಏನು ಬೇಕಾದ್ರೂ ಓದಲಿ ಮಾವ್ಶಿ, ಮದುವೆ ಮುಗಿದ್ರೆ ಸಾಕು" ಎಂದಳು ಅಕ್ಕನ ಮಗಳು, ಚಿಕ್ಕಮ್ಮನಾದ ನನ್ನೊಡನೆ ಮಾತ್ರ. ಅವಳಿಗೆ ಅಪ್ಪನ ಮುಖ ಅರ್ಧ ಮರೆತಿತ್ತು. ಅಕ್ಕ ಆ ಮಾತು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ.

ನಾನು ಬಸ್ಸು ಹತ್ತಿ ಮೂಡಬಿದಿರೆಗೆ ಹೋದೆ. ತಾನು ಇಟ್ಟ ಪದದಿಂದ ಹೀಗಾಯಿತೆಂದು ಕೇಳಿ ಆ ಹುಡುಗನ ಮುಖ ಬಾಡಿತು. ಅದೇ ದಿನ ಬೈಕಿನಲ್ಲಿ ನನ್ನ ಹಿಂದೆಯೇ ಬಂದು, ಫಾದರಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟ. ಇನ್ನು ಒತ್ತಿದರೆ ಆಯಿತು ಎಂದುಕೊಂಡೆ. ಆದರೆ ಫಾದರ್ ಮೌಸಿನ ಮೇಲೆ ಕೈ ಇಟ್ಟವರು ಹಾಗೆಯೇ ನಿಲ್ಲಿಸಿದರು.

"ಇದ್ದಾರೆ ಅಂತ ನಾನು ಹಾಕಿದ್ರೆ, ನಾನು ಸಾಕ್ಷಿ ಹೇಳಿದ ಹಾಗೆ ಆಗ್ತದೆ. ಅವರು ಬದುಕಿದ್ದಾರೆ ಅನ್ಲಿಕ್ಕೆ ಆಧಾರ ಎಂತ ಉಂಟು?"

ಅವರು ಕೆಟ್ಟವರಲ್ಲ. ಮನಸ್ಸಾಕ್ಷಿಗೆ ಹೆದರುವವರು. ಆದರೆ ಸಾಯಿಸುವಾಗ ಯಾರೂ ಆಧಾರ ಕೇಳಲಿಲ್ಲವಲ್ಲ, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳುವ ಮೊದಲೇ, ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. ಬೀಡಿ ಕಟ್ಟುತ್ತಿದ್ದವಳು ಎದ್ದು ಹಾಗೆಯೇ ಬಂದಿದ್ದಳು. ಸೀರೆಯ ಮೇಲೆಲ್ಲ ಹೊಗೆಸೊಪ್ಪಿನ ಪುಡಿ.

"ಫಾದರ್, ಅವರ ಹೆಣ ನೀವು ನೋಡಿದ್ದೀರಾ?"

"ಇಲ್ಲ ಬಾಯಮ್ಮ, ನಾನು ಹೇಳುದು..."

"ನಾನೂ ನೋಡ್ಲಿಲ್ಲ. ನೋಡಿದವರು ಯಾರಾದ್ರೂ ಇದ್ರೆ ಬರ್ಲಿಕ್ಕೆ ಹೇಳಿ. ಇಲ್ಲದಿದ್ರೆ ಇದನ್ನು ನೀವೇ ತೆಗೀರಿ. ನನ್ನ ಕೈಯಿಂದ ಆಗುದಿಲ್ಲ." ಅವಳು ಕುತ್ತಿಗೆ ಮುಂದೆ ಚಾಚಿ, ಕರಿಮಣಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ಫಾದರ್ ಕುರ್ಚಿಯಿಂದ ಎದ್ದೇಬಿಟ್ಟರು. ಮೂಡಬಿದಿರೆಯ ಹುಡುಗ ಗೋಡೆಯ ಕಡೆಗೆ ತಿರುಗಿ ನಿಂತ. ಫಾದರ್ ಮತ್ತೆ ಕುಳಿತು, ಇದ್ದಾರೆ ಎಂದು ಒತ್ತಿದರು. ಮೂರನೆಯ ಭಾನುವಾರ ಅಪ್ಪನ ಹೆಸರನ್ನು ಬರೀ ಹೆಸರಾಗಿ ಓದಿದರು. ರೋಸಿನ ದಿನ ಅಕ್ಕ ಮೊದಲು ನಿಂತು ಮಗಳ ನೆತ್ತಿಗೆ ಹಾಲು ಹಾಕಿದಳು. ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು. ಆದರೆ ಗೆದ್ದು ತಂದದ್ದು ಏನನ್ನು? ಇಲ್ಲದ ಒಬ್ಬ ಗಂಡಸನ್ನು.

ಈ ಗಲಾಟೆಯ ನಂತರ ಮಂಡಳಿಯವರಿಗೆ ಜ್ಞಾನೋದಯವಾಗಿ ನಿಯಮಗಳನ್ನು ಬದಲಿಸಿದರು. ನನಗೂ ಫಾದರಿಗಿದ್ದಷ್ಟೇ ಅನುಮತಿ ಸಿಕ್ಕಿತು. ನಮ್ಮ ಮನೆಯ ಪುಟವೂ ತೆರೆಯತೊಡಗಿತು. ಹೋಗಿದ್ದಾರೆ ಎಂಬ ಪದ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಬದಲಿಸಬೇಕಾದರೆ ಎಲ್ಲವನ್ನೂ ಹೊಸದಾಗಿ ಮಾಡಬೇಕಂತೆ.

ಊರಿಗೆಲ್ಲ ಚಿಕೂನ್‌ಗುನ್ಯಾ ಬಂದ ವರ್ಷ ನಾನೂ ಗಂಟುಗಂಟು ಹಿಡಿದು ಮಲಗಿದ್ದೆ. ಆಫೀಸಿನ ಕೆಲಸ ಕಾರ್ಯದರ್ಶಿಯೇ ನೋಡುತ್ತಿದ್ದ. ಆ ಭಾನುವಾರ ಪೂಜೆಗೆ ಹೋಗಿ ಬಂದ ಅಕ್ಕ ನನ್ನ ಮಂಚದ ಬಳಿ ನಿಂತಾಗ ಅವಳ ಕೈಯಲ್ಲಿ ಎರಡು ಗುಲಾಬಿಗಳಿದ್ದವು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗಳನ್ನು ಮುಂದೆ ಕರೆದು ಆಶೀರ್ವದಿಸುವ ದಿನವಂತೆ. ಪಟ್ಟಿಯನ್ನು ತಂತ್ರಾಂಶವೇ ಮಾಡಿಕೊಟ್ಟಿತ್ತು. ಗಂಡ ಇದ್ದಾರೆ, ಹೆಂಡತಿ ಇದ್ದಾಳೆ, ವರ್ಷ ಸರಿಯಾಗಿದೆ. ಆಗ ಇದ್ದವರು ಮೂರನೆಯ ಫಾದರ್, ಅವರಿಗೆ ಏನೂ ಗೊತ್ತಿಲ್ಲ. ಎರಡೂ ಹೆಸರು ಕರೆದರು.

"ಹೋದಿಯಾ?" ಎಂದೆ.

"ಹೆಸರು ಕರೆದ ಮೇಲೆ ಹೋಗದೆ? ನಾನಲ್ವಾ ಇದ್ದಾರೆ ಅಂತ ಹಾಕಿಸಿದ್ದು." ಎಲ್ಲ ಜೋಡಿಗಳ ನಡುವೆ ಅವಳು ಒಬ್ಬಳೇ ನಿಂತಿದ್ದಳು. ಯಜಮಾನರಿಗೆ ಹುಷಾರಿಲ್ಲವೇನೋ ಎಂದುಕೊಂಡು ಫಾದರ್ ಭಾವನ ಪಾಲಿನ ಹೂವನ್ನೂ ಇವಳ ಕೈಗೇ ಕೊಟ್ಟು, ಮನೆಯಲ್ಲಿ ಕೊಡಿ ಎಂದರಂತೆ. ಅವಳು ಅವೆರಡನ್ನೂ ಒಂದು ಸ್ಟೀಲ್ ಲೋಟದಲ್ಲಿಟ್ಟು ಅಡುಗೆ ಮನೆಗೆ ಹೋದಳು.

ನಾನು ಎದ್ದು ಓಡಾಡುವ ಹಾಗಾಗಿ ಆಫೀಸಿಗೆ ಹೋದ ಮೊದಲ ದಿನ ಅವಳೂ ನನ್ನ ಹಿಂದೆಯೇ ಬಂದಳು. ಕುರ್ಚಿ ಎಳೆದುಕೊಂಡು ಕುಳಿತಳು.

"ಈಗ ನಿನಗೆ ಎಲ್ಲ ಅಧಿಕಾರ ಉಂಟಲ್ಲ. ಹೋಗಿದ್ದಾರೆ ಅಂತ ಮಾಡು."

ಎಷ್ಟೋ ವರ್ಷದಿಂದ ನಾನು ಬಯಸಿದ ಮಾತು ಅದು. ತಡಮಾಡಿದರೆ ಮನಸ್ಸು ಬದಲಿಸುತ್ತಾಳೆಂದು ಬೇಗಬೇಗ ಪುಟ ತೆರೆದೆ, ಇದ್ದಾರೆ ತೆಗೆದೆ, ಹೋಗಿದ್ದಾರೆ ಹಾಕಿದೆ. ತೆರೆಯ ನಡುವೆ ಒಂದು ಸಣ್ಣ ಚೌಕ ಮೂಡಿತು.

"ಎಂತ ಕೇಳ್ತದೆ ಅದು?"

"ಖಚಿತವೇ ಅಂತ ಕೇಳ್ತದೆ. ಹೌದು, ಅಲ್ಲ, ಎರಡು ಉಂಟು."

ಅಕ್ಕ ಆ ಚೌಕವನ್ನೇ ನೋಡುತ್ತಾ ಕುಳಿತಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಮುಖ ಒರೆಸಿ, "ಅಲ್ಲ ಅಂತ ಹೇಳು" ಎಂದು ಎದ್ದು ಹೋದಳು. ಹೌದು ಒತ್ತಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಅಲ್ಲ ಒತ್ತಿದೆ.

ಹೊಗೆಸೊಪ್ಪಿನ ಧೂಳು ಅವಳ ಎದೆಯಲ್ಲಿ ಎಂದೋ ಮನೆ ಮಾಡಿತ್ತು. ಮರುವರ್ಷದ ಮಳೆಗಾಲದಲ್ಲಿ ಕೆಮ್ಮು ಜೋರಾಗಿ, ಬಂಟ್ವಾಳದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಅಲ್ಲಿಯೇ ತೀರಿಕೊಂಡಳು. ಬೆಳ್ತಂಗಡಿಯಿಂದ ಮಗಳು ಬಂದು ತಲುಪುವ ತನಕ ಕಾದಳು, ಅಷ್ಟೇ ಸಮಾಧಾನ. ಕರಿಮಣಿಯನ್ನು ತೆಗೆಯಬೇಕೋ ಎಂದು ನರ್ಸ್ ಕೇಳಿದಾಗ, ಇರಲಿ ಎಂದೆವು. ಮಣ್ಣು ಮಾಡಿ ಏಳನೆಯ ದಿನದ ಪೂಜೆಯೂ ಮುಗಿದ ಮೇಲೆ ನಾನು ಆಫೀಸಿಗೆ ಹೋಗಿ ನಮ್ಮ ಮನೆಯ ಪುಟ ತೆರೆದೆ. ಆ ಕೆಲಸವನ್ನು ಕಾರ್ಯದರ್ಶಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಅವಳ ಹೆಸರಿನ ಮುಂದೆ ಹೋಗಿದ್ದಾರೆ ಎಂದು ಹಾಕಿ, ತಾರೀಕು ಹಾಕಿ, ಖಚಿತವೇ ಎಂದದ್ದಕ್ಕೆ ಹೌದು ಎಂದೆ.

ಆಗ ಭಾವನ ಸಾಲು ತಾನಾಗಿಯೇ ಬದಲಾಯಿತು. ಇದ್ದಾರೆ ಎಂಬುದು ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ವಿವಾಹಿತ ಎಂದಿದ್ದ ಕಡೆ ವಿಧುರ ಎಂದು ಬಂತು. ಅದಕ್ಕೆ ಅದು ನನ್ನನ್ನು ಏನೂ ಕೇಳಲಿಲ್ಲ.